ಹೊತ್ತೊಯ್ಯುವ ಧ್ವನಿಪೆಟ್ಟಿಗೆ

ಈ ಪುಟದಲ್ಲಿ ಇದುವರೆಗೆ ಗೃಹಸ್ಥರ ಮನೆಯಲ್ಲಿ ದಿನವೂ ತಿರುಗುವ, ಉರಿಯುವ, ಕೂಗುವ ಯಂತ್ರಗಳ ವಿಷಯವನ್ನೇ ಬರೆಯುತ್ತ ಬಂದಿರುವೆನಷ್ಟೆ. ಈ ಸಲದ ವಸ್ತುವು ನಮ್ಮ ಮನೆಗಳಲ್ಲಿ ಅಪರೂಪವಾದುದು. ಆದರೂ ಪರದೇಶದಲ್ಲಿ ಮಕ್ಕಳಿರುವ ಸಂಸಾರಗಳು ಈಗ ನಮ್ಮಲ್ಲಿ ಬೀದಿಗೊಂದರಂತೆ ಉಂಟು. ಆ ಮಕ್ಕಳಲ್ಲಿ ವೀಣೆಯನ್ನು ಬಿಟ್ಟು ಗಿಟಾರನ್ನು ಹಿಡಿದವರೂ ಉಂಟು. ಅಂಥವರ ತಾಯಿತಂದೆಗಳಿಗೆ ಪ್ರಯೋಜನವಾದೀತೆಂದು ಈ ಪ್ರಸ್ತಾಪವನ್ನು ಎತ್ತಿಕೊಂಡಿದ್ದೇನೆ.

ನನ್ನ ಅಕ್ಕನ ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ಹಗಲೆಲ್ಲ ಲೆಕ್ಕಪತ್ರದ ಉದ್ಯೋಗ; ಶುಕ್ರವಾರ ಶನಿವಾರಗಳ ರಾತ್ರಿ ಒಂದು ಭೋಜನಶಾಲೆಯಲ್ಲಿ ಜಾಜ್ ಕಚೇರಿ. ಮೂವರ ಮೇಳ: ಇವಳದು ಗಿಟಾರು, ಒಬ್ಬರದು ನಿಂತು ನುಡಿಸುವ ಆಳೆತ್ತರದ ಬೇಸ್ ಪಿಟೀಲು, ಇನ್ನೊಬ್ಬರದು ಡ್ರಮ್ಮು. ಕಳೆದ ವರ್ಷ ಅಕ್ಕನೂ ನಾನೂ ಮೂರು ತಿಂಗಳು ಅವಳ ಮನೆಯಲ್ಲಿದ್ದೆವು. ನಾವು ಹೋದ ವಾರದಲ್ಲಿಯೇ ಅವಳು ಹಾಸಿಗೆ ಹಿಡಿದಿದ್ದಳು.

ಕಾರಣವು ಒಂದು ಪೆಟ್ಟಿಗೆ. ಗಿಟಾರಿನ ಧ್ವನಿಯನ್ನು ಹೆಚ್ಚಿಸುವ ಆಂಪ್ಲಿಫೈಯರು. ಹಳೆಯ ವಾಲ್ವುಗಳದು, ಹನ್ನೆರಡು ಅಂಗುಲದ ಎರಡು ಸ್ಪೀಕರುಗಳುಳ್ಳದ್ದು. ಅದರ ತೂಕ 29 ಕಿಲೋಗ್ರಾಂ. ನಮ್ಮ ಅಂಗಡಿಗಳ ಅಕ್ಕಿಯ ಮೂಟೆ 25 ಕಿಲೋ ಎಂಬುದನ್ನು ಓದುಗರು ನೆನೆದುಕೊಳ್ಳಲಿ. ಇವಳ ಮನೆ ನಾಲ್ಕನೆಯ ಅಂತಸ್ತಿನಲ್ಲಿ, ಲಿಫ್ಟಿಲ್ಲ. ಅಲ್ಲಿಂದ ಇಳಿದು, ಬೀದಿ ದಾಟಿ, ನೆಲದೊಳಗಿನ ರೈಲಿಗೆ ಮತ್ತೆ ಮೆಟ್ಟಿಲಿಳಿಯಬೇಕು. ಇನ್ನೊಂದು ಕಡೆ ಹತ್ತಬೇಕು. ಆ ನಗರದ 472 ನಿಲ್ದಾಣಗಳಲ್ಲಿ ಹೆಚ್ಚಿನವಕ್ಕೆ ಇಂದಿಗೂ ಲಿಫ್ಟಿಲ್ಲ. ಎರಡು ವರ್ಷ ಹೀಗೆ ಹೊತ್ತು, ಒಂದು ರಾತ್ರಿ ಮೆಟ್ಟಿಲ ನಡುವೆ ಸೊಂಟ ಹಿಡಿದುಕೊಂಡಿತಂತೆ. ಹತ್ತು ಕಿಲೋಗಿಂತ ಹೆಚ್ಚಿನ ಭಾರವನ್ನು ಇನ್ನು ಎತ್ತಕೂಡದೆಂದು ವೈದ್ಯರು ಕಟ್ಟುಮಾಡಿದ್ದರು.

ಮೇಳದವರು ಸಜ್ಜನರು. ಒಂದು ತಿಂಗಳು ಕಾಯುತ್ತೇವೆ, ಆಮೇಲೆ ಭೋಜನಶಾಲೆಯವರು ಕೇಳಬೇಕಲ್ಲ ಎಂದರು. ಅಕ್ಕನಿಗಾದರೋ ಇದೇ ತಕ್ಕ ಸಮಯವೆಂದು ತೋರಿತು. "ಸಾಕು ಮಾಡಿಬಿಡೆ. ಸೊಂಟ ಹೋದಮೇಲೆ ಸಂಗೀತ ಕಟ್ಟಿಕೊಂಡು ಏನು ಮಾಡುತ್ತೀಯೆ?" ಎಂದಳು. ಹುಡುಗಿ ಮಲಗಿದಲ್ಲಿಂದಲೇ, "ಅಮ್ಮ, ವಾರವೆಲ್ಲ ಪರರ ಲೆಕ್ಕ ಬರೆಯುತ್ತೇನೆ. ಆ ಎರಡು ರಾತ್ರಿ ಮಾತ್ರ ನನ್ನವು" ಎಂದು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು. ಅಕ್ಕ ನನ್ನ ಮುಖ ನೋಡಿದಳು. ಮೂವತ್ತು ವರ್ಷ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದವನೆಂಬ ಒಂದೇ ಯೋಗ್ಯತೆಯಿಂದ ಈ ವ್ಯಾಜ್ಯವು ನನ್ನ ತಲೆಗೆ ಬಂದಿತು.

ಜಾಜ್ ಗಿಟಾರಿಗೆ ಈ ಪೆಟ್ಟಿಗೆ ಬೇಕೇ ಬೇಕೆ ಎಂದು ಮೊದಲು ಕೇಳಿದೆ. ಬೇಕಾಗಿಯೇ ಇದೆ. ತುತ್ತೂರಿ ಸ್ಯಾಕ್ಸೊಫೋನುಗಳ ಮೇಳದಲ್ಲಿ ಬರಿಯ ಗಿಟಾರಿನ ಧ್ವನಿಯು ಮುಳುಗಿಹೋಗುತ್ತದೆ. ಕೌಂಟ್ ಬೇಸಿಯವರ ಮೇಳದಲ್ಲಿ 1937ರಿಂದ ಐವತ್ತು ವರ್ಷ ನುಡಿಸಿದ ಫ್ರೆಡ್ಡಿ ಗ್ರೀನ್ ಎಂಬವರು ಈ ಯಂತ್ರದ ಗೊಡವೆಗೆ ಹೋಗದೆ ತಾಳದ ಗತಿಯನ್ನು ಹಿಡಿದು ಕೊಡುವುದರಲ್ಲಿಯೇ ಕೀರ್ತಿ ಪಡೆದರು. ಆದರೆ ಅದು ತಂಬೂರಿಯವನ ಕೀರ್ತಿ, ಗಾಯಕನದಲ್ಲ. ಗಿಬ್ಸನ್ ಕಂಪೆನಿಯವರು 1936ರಲ್ಲಿ ಇಎಸ್-150 ಎಂಬ ವಿದ್ಯುತ್ ಗಿಟಾರನ್ನು ತಂದರು. ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು ಅದನ್ನು ಹಿಡಿದುಕೊಂಡು 1939ರಲ್ಲಿ ಬೆನ್ನಿ ಗುಡ್‌ಮನ್ನರ ಮೇಳವನ್ನು ಸೇರಿ, ಗಿಟಾರು ಸ್ಯಾಕ್ಸೊಫೋನಿನಂತೆ ತಾನೇ ಮುಂದೆ ನಿಂತು ಹಾಡಬಲ್ಲುದೆಂದು ತೋರಿಸಿದನು. ಕ್ಷಯದಿಂದ 1942ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿಯೇ, ತೀರಿಕೊಂಡನು. ಇಂದು ಜಾಜ್ ಗಿಟಾರು ನುಡಿಸುವವರೆಲ್ಲ ಆ ಹುಡುಗನ ಸಾಲಗಾರರೇ.

ಈಗ ಯಂತ್ರಕ್ಕೆ ಬರೋಣ. ರಾಕ್ ಸಂಗೀತದವರು ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿ, ಧ್ವನಿಯು ಒಡೆದು ಗರಗರಿಸುವುದನ್ನೇ ಸೊಗಸೆಂದು ಎಣಿಸುತ್ತಾರೆ. ಜಾಜಿಗೆ ಅದು ಸಲ್ಲದು. ಜಾಜ್ ಗಿಟಾರಿನಲ್ಲಿ ನಾಲ್ಕೈದು ಸ್ವರಗಳನ್ನು ಒಟ್ಟಿಗೆ ಮೀಟುತ್ತಾರೆ. ಅವು ಒಂದಕ್ಕೊಂದು ತೀರ ಹತ್ತಿರದವು. ಪೆಟ್ಟಿಗೆಯು ಧ್ವನಿಯನ್ನು ಒಡೆಯಿತೆಂದರೆ ಆ ಸ್ವರಗಳು ಒಂದರೊಡನೊಂದು ಕಲಸಿ, ಯಾರೂ ನುಡಿಸದ ಬೇರೆ ಸ್ವರಗಳು ಹುಟ್ಟುತ್ತವೆ. ಆದುದರಿಂದ ಶಕ್ತಿಯು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇದ್ದು, ಅದರಲ್ಲಿ ಅರ್ಧವನ್ನು ಮಾತ್ರ ಬಳಸುವಂತಿರಬೇಕು. ಹಳೆಯ ಕಾಲದಲ್ಲಿ ಆ ಹೆಚ್ಚಿನ ಶಕ್ತಿ ಎಂದರೆ ಹೆಚ್ಚಿನ ಕಬ್ಬಿಣ. ವಾಲ್ವಿನ ಯಂತ್ರಕ್ಕೆ ಎರಡು ಟ್ರಾನ್ಸ್‌ಫಾರ್ಮರು, ಸ್ಪೀಕರಿನ ಬೆನ್ನಿಗೆ ದಪ್ಪನೆಯ ಅಯಸ್ಕಾಂತ, ಇವೆಲ್ಲವನ್ನೂ ತಾಳುವ ಮರದ ಗೂಡು. ರೋಲೆಂಡ್ ಕಂಪೆನಿಯವರು 1975ರಲ್ಲಿ ತಂದ ಜಾಜ್ ಕೋರಸ್ 120 ವಾಲ್ವಿಲ್ಲದ್ದು, ಸ್ವಚ್ಛಧ್ವನಿಗೆ ಹೆಸರಾದದ್ದು. ಅದೂ 28 ಕಿಲೋ. ಹೆಸರಿನಲ್ಲಿ ಜಾಜ್ ಇದೆಯೆಂದು ಕೊಂಡವರು ಮೆಟ್ಟಿಲ ಬುಡದಲ್ಲಿ ನಿಂತು ಆಲೋಚಿಸಬೇಕಾಗುತ್ತದೆ. ಈ ಕಷ್ಟವನ್ನು ಮೊದಲು ಅರಿತವರಲ್ಲಿ ಟಾಮಿ ಗುಮಿನಾ ಒಬ್ಬರು. ತಾವೇ ಅಕಾರ್ಡಿಯನ್ ವಾದಕರು. ಅವರ ಪಾಲಿಟೋನ್ ಕಂಪೆನಿಯ ಮಿನಿ-ಬ್ರೂಟ್ ಎಂಬ ಗಿಡ್ಡ ಪೆಟ್ಟಿಗೆಯನ್ನು ಜೋ ಪಾಸರಂಥ ವಿದ್ವಾಂಸರು ಮೆಚ್ಚಿ ಬಳಸಿದರು.

ಈಚೆಗೆ ತೂಕವು ಇಳಿದುದಕ್ಕೆ ಎರಡು ಕಾರಣಗಳುಂಟು. ಒಂದು, ನಿಯೋಡಿಮಿಯಂ ಎಂಬ ಧಾತುವಿನ ಅಯಸ್ಕಾಂತ. 1980ರ ದಶಕದಲ್ಲಿ ಬಂದ ಇದು ಗಾತ್ರದಲ್ಲಿ ಕಿರಿದು, ಬಲದಲ್ಲಿ ಹಿರಿದು. ಇನ್ನೊಂದು, ಡಿ ವರ್ಗವೆಂದು ಕರೆಯುವ ಆಂಪ್ಲಿಫೈಯರು. ನಲ್ಲಿಯನ್ನು ಅರ್ಧ ತಿರುಗಿಸಿ ನೀರಿನ ಹರಿವನ್ನು ತಗ್ಗಿಸುವುದು ಹಳೆಯ ಕ್ರಮ. ಅಲ್ಲಿ ತಡೆದ ಶಕ್ತಿಯೆಲ್ಲ ಶಾಖವಾಗಿ ವ್ಯರ್ಥವಾಗುತ್ತದೆ. ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು, ಇದನ್ನೇ ಸೆಕೆಂಡಿಗೆ ಲಕ್ಷಾಂತರ ಸಲ ಮಾಡಿ ಬೇಕಾದಷ್ಟನ್ನೇ ಹರಿಸುವುದು ಹೊಸ ಕ್ರಮ. ಶಾಖ ಕಡಿಮೆ, ಆದುದರಿಂದ ಅದನ್ನು ಆರಿಸುವ ಲೋಹದ ರೆಕ್ಕೆಗಳೂ ಬೇಡ. ಶಕ್ತಿ ಒದಗಿಸುವ ಭಾಗವನ್ನೂ ಇದೇ ಉಪಾಯದಿಂದ ಮಾಡಿದಲ್ಲಿ ಭಾರದ ಟ್ರಾನ್ಸ್‌ಫಾರ್ಮರೂ ಬೇಡ.

ನಾವು ಪಟ್ಟಿಮಾಡಿದ್ದು ಮೂರನ್ನು. ಜರ್ಮನಿಯ ಎಇಆರ್ ಕಾಂಪ್ಯಾಕ್ಟ್ 60: 60 ವಾಟು, ಎಂಟು ಅಂಗುಲದ ಸ್ಪೀಕರು, ಆರೂವರೆ ಕಿಲೋ. ಇಟಲಿಯ ಡಿವಿ ಮಾರ್ಕ್ ಲಿಟಲ್ ಜಾಜ್: 45 ವಾಟು, ಇದಕ್ಕೂ ಎಂಟು ಅಂಗುಲದ್ದೇ. ಅಮೆರಿಕದ ಹೆನ್ರಿಕ್ಸನ್ ಕಂಪೆನಿಯ ಬಡ್: 120 ವಾಟು, ಆರೂವರೆ ಅಂಗುಲದ ಸ್ಪೀಕರು, ಎಂಟು ಕಿಲೋಗಿಂತ ಸ್ವಲ್ಪ ಕಡಿಮೆ. ಇಟಲಿಯದನ್ನು ಬಿಟ್ಟರೆ ಉಳಿದೆರಡೂ ಸಾವಿರ ಡಾಲರನ್ನು ಮೀರಿದವು. ಬೆಲೆ ಕೇಳಿದ ಅಕ್ಕ, "ಇಷ್ಟು ಚಿಕ್ಕದಕ್ಕೆ ಇಷ್ಟೊಂದೆ?" ಎಂದಳು. ಚಿಕ್ಕದಾದುದಕ್ಕೇ ಅಷ್ಟು.

ವಾಟಿನ ಅಂಕಿಯನ್ನು ನೋಡಿ ಮರುಳಾಗುವುದು ನಮ್ಮವರ ಸಾಮಾನ್ಯ ದೋಷ. ಅಕ್ಕನ ಮಗಳೂ 120 ಎಂದೊಡನೆ ಅದೇ ಸರಿ ಎಂದಳು. "ನೋಡಮ್ಮ, ವಾಟು ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ. ಗಮನವಿಟ್ಟು ಕೇಳಿದರೆ ತಿಳಿದೀತು. ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟು ಬೇಕು" ಎಂದೆ. ಸ್ಪೀಕರು ಮಂದವಾದುದಾದರೆ ದೊಡ್ಡ ಅಂಕಿಯ ಲಾಭವನ್ನೆಲ್ಲ ಅದೇ ನುಂಗಿಬಿಡುತ್ತದೆ. ಕಾಗದ ಓದಿ ಕೊಳ್ಳತಕ್ಕ ಸರಕಲ್ಲ, ಕಿವಿಯಿಂದಲೇ ಕೊಳ್ಳಬೇಕು.

ಅಂಗಡಿಗೆ ಹೋಗುವಾಗ ಅವಳ ಸ್ವಂತ ಗಿಟಾರನ್ನೇ ನಾನು ಹೊತ್ತುಕೊಂಡು ಹೋದೆ. ಬೇಸ್ ಪಿಟೀಲಿನವರನ್ನೂ ಕರೆದೆವು; ಪಾಪ, ಅಷ್ಟು ದೊಡ್ಡ ವಾದ್ಯವನ್ನು ಬೀದಿಯಲ್ಲಿ ತಳ್ಳಿಕೊಂಡು ಬಂದರು. ಅಂಗಡಿಯ ತರುಣನು ಪ್ರತಿಯೊಂದನ್ನೂ ಜೋರಾಗಿ ಹಾಕಿ ತೋರಿಸುತ್ತಿದ್ದನು. ಜೋರಾದುದು ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ವ್ಯಾಪಾರಿಗಳು ಬಲ್ಲ ಗುಟ್ಟಿದು. ಮೂರನ್ನೂ ಒಂದೇ ಮಟ್ಟಕ್ಕೆ ಇಳಿಸಿರೆಂದು ಹೇಳಿ, ನಾನು ಇಪ್ಪತ್ತು ಅಡಿ ದೂರ, ಬಾಗಿಲ ಬಳಿ ನಿಂತೆ. ನುಡಿಸುವವರಿಗೆ ಕೇಳುವುದೇ ಬೇರೆ, ಊಟ ಮಾಡುವವರಿಗೆ ಕೇಳುವುದೇ ಬೇರೆ. ಹೆಚ್ಚು ಶ್ರುತಿಯ ಧ್ವನಿಯು ಸ್ಪೀಕರಿನಿಂದ ದೀಪದ ಕಿರಣದಂತೆ ನೇರವಾಗಿ ಹೋಗುತ್ತದೆ. ನೆಲದ ಮೇಲಿಟ್ಟ ಪೆಟ್ಟಿಗೆಯು ನುಡಿಸುವವರ ಮೊಣಕಾಲಿಗೆ ಹಾಡುತ್ತಿರುತ್ತದೆ. ಅವರು ಸಾಲದೆಂದು ತಿರುವನ್ನು ಏರಿಸುತ್ತಾರೆ. ಎದುರು ಮೇಜಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟರೆ, ಇಲ್ಲವೆ ಮುಖ ಮೇಲಾಗಿ ವಾಲಿಸಿದರೆ, ಕಾಸಿಲ್ಲದೆ ಈ ತಾಪತ್ರಯ ತಪ್ಪುತ್ತದೆ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಸಣ್ಣ ಪೆಟ್ಟಿಗೆಗೆ ದೊಡ್ಡದರ ಉಸಿರಿಲ್ಲ. ಹಳೆಯದರಲ್ಲಿ ಕೆಳತಂತಿಯನ್ನು ಮೀಟಿದರೆ ಎದೆಗೆ ತಾಗುತ್ತಿತ್ತು. ಇವುಗಳಲ್ಲಿ ಕಿವಿಗೆ ಮಾತ್ರ ತಾಗಿತು. ಹುಡುಗಿಯ ಮುಖ ಸಣ್ಣದಾಯಿತು. ಆದರೆ ಪಿಟೀಲಿನವರು ಜೊತೆಗೂಡಿದೊಡನೆ ಸಂಗತಿಯೇ ಬದಲಾಯಿತು. ಗಿಟಾರಿನ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಪಿಟೀಲಿನದು 41 ಸಲ. ತಗ್ಗಿನ ಆ ಪ್ರದೇಶವೆಲ್ಲ ಪಿಟೀಲಿನವರ ಸೀಮೆ. ಅಲ್ಲಿ ಗಿಟಾರೂ ನುಗ್ಗಿದರೆ ಇಬ್ಬರ ಮಾತೂ ಕೇಳದು. ದೊಡ್ಡ ಪೆಟ್ಟಿಗೆಯಿದ್ದಾಗ ನನ್ನ ಸ್ವರಗಳು ಎಷ್ಟೋ ಸಲ ನನಗೇ ಕೇಳಿಸುತ್ತಿರಲಿಲ್ಲವೆಂದು ಅವರು ಅಂದು ಬಾಯಿಬಿಟ್ಟರು. ಎರಡು ವರ್ಷ ಹೇಳದೆ ಇದ್ದರಂತೆ! ಒಬ್ಬಂಟಿಯಾಗಿ ನುಡಿಸುವವರಾದರೆ ನಾನು ಬೇರೆ ಸಲಹೆ ಕೊಡುತ್ತಿದ್ದೆ.

ಅವಳ ಗಿಟಾರು ಒಳಗೆ ಟೊಳ್ಳಾಗಿ, ಮೇಲೆ ಪಿಟೀಲಿನಂತೆ ಕಮಾನಾದುದು. ಇಂಥದರಲ್ಲಿ ಸ್ಪೀಕರಿನ ಧ್ವನಿಯು ಗಿಟಾರಿನ ಹೊಟ್ಟೆಯನ್ನೇ ಹೊಕ್ಕು, ಮತ್ತೆ ಸ್ಪೀಕರಿಗೆ ಬಂದು, ಸುತ್ತಿ ಸುತ್ತಿ ಊಳಿಡತೊಡಗುತ್ತದೆ. ಮದುವೆಯ ಮೈಕು ಕೂಗಿಕೊಳ್ಳುವುದೂ ಇದರಿಂದಲೇ. ಊಳಿಡುವ ಸ್ವರವನ್ನು ಮಾತ್ರ ಹುಡುಕಿ ತಗ್ಗಿಸುವ ತಿರುವುಗಳು ಬೇಕು. ಬಡ್ ಪೆಟ್ಟಿಗೆಯಲ್ಲಿ ಧ್ವನಿಯನ್ನು ಐದು ಭಾಗ ಮಾಡಿ ಬೇರೆ ಬೇರೆ ತಿರುವು ಕೊಟ್ಟಿದ್ದಾರೆ. ಕೀಚಲು ಸ್ವರದ ಪುಟ್ಟ ಸ್ಪೀಕರನ್ನು ನಿಲ್ಲಿಸಿಬಿಡುವ ಅನುಕೂಲವೂ ಉಂಟು. ಇವೆರಡರಿಂದ ಅವಳ ಮನಸ್ಸು ಅದರ ಮೇಲೆ ಕೂತಿತು. ನನಗೆ ಜರ್ಮನಿಯದರ ನಯವು ಒಂದು ಕೂದಲೆಳೆ ಹೆಚ್ಚೆಂದು ತೋರಿತ್ತು. ನುಡಿಸುವವಳು ಅವಳು, ನಾನು ಸುಮ್ಮನಾದೆ. ಕೊನೆಯದಾಗಿ, ಚೀಲ, ತಂತಿ ಸಮೇತ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಅಂಗಡಿಯ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಯಲು ಹೇಳಿದೆ. ಅಂಗಡಿಯವನು ನಕ್ಕನು. ಅಕ್ಕ ನಗಲಿಲ್ಲ, ಮಗಳ ಸೊಂಟವನ್ನೇ ನೋಡುತ್ತ ನಿಂತಿದ್ದಳು.

ಇಂಥದನ್ನು ಅಲ್ಲಿಂದ ಊರಿಗೆ ತರುವವರು ಒಂದನ್ನು ಗಮನಿಸತಕ್ಕದ್ದು: ಅಲ್ಲಿನ ವಿದ್ಯುತ್ತು 120 ವೋಲ್ಟು, ನಮ್ಮದು 230. ಪೆಟ್ಟಿಗೆಯ ಬೆನ್ನಿನ ಮೇಲೆ ಎರಡಕ್ಕೂ ಒಪ್ಪುವುದೆಂದು ಬರೆದಿರದಿದ್ದಲ್ಲಿ ಹಾಗೆಯೇ ಸಿಕ್ಕಿಸಿದರೆ ಸುಟ್ಟೇ ಹೋಗುವುದು. ವಾಲ್ವಿನದನ್ನಂತೂ ಮನೆಯಲ್ಲಿ ಯಾರೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ತಿಂಗಳ ಗಡುವು ಮುಗಿಯಲು ನಾಲ್ಕು ದಿನವಿರುವಾಗ ಹುಡುಗಿ ಕಚೇರಿಗೆ ಹೊರಟಳು. ಅಕ್ಕನೂ ಬಂದಳು, ಅದುವರೆಗೆ ಮಗಳು ನುಡಿಸುವುದನ್ನು ಅವಳು ದೂರವಾಣಿಯಲ್ಲಿ ಮಾತ್ರ ಕೇಳಿದ್ದಳು. ರೈಲಿನ ಮೆಟ್ಟಿಲ ಬಳಿ, "ಇಲ್ಲಿ ಕೊಡು, ನಾನು ಹಿಡಿಯುತ್ತೇನೆ" ಎಂದು ಚೀಲಕ್ಕೆ ಕೈ ಹಾಕಿದಳು. ಮಗಳು ಕೊಟ್ಟಳು. ಅರವತ್ತೆಂಟು ವರ್ಷದ ಅಕ್ಕ ಅದನ್ನು ಕೆಳಗಿನವರೆಗೆ ಒಯ್ದು, "ನಮ್ಮ ಹಾರ್ಮೋನಿಯಮ್ಮಿಗಿಂತ ಹಗುರವಾಗಿದೆಯಲ್ಲೇ" ಎಂದಳು.

ಹಳೆಯ ಪೆಟ್ಟಿಗೆಯನ್ನು ಮಾರಲಿಲ್ಲ. ಮನೆಯಲ್ಲಿ ಒಬ್ಬಳೇ ನುಡಿಸುವಾಗ ಅದೇ ಬೇಕಂತೆ. ನಾವು ಹೊರಡುವ ಮುನ್ನ ಅಕ್ಕ ಅದರ ಮೇಲೆ ತುಳಸಿಯ ಕುಂಡವನ್ನಿಟ್ಟಿದ್ದಳು. ನೀರು ವಾಲ್ವಿಗಿಳಿದೀತೆಂದು ಹೇಳಿ ಕಿಟಕಿಯ ಬಳಿಗೆ ತೆಗೆಸಿದೆ.