ಷಣ್ಮುಖಂ ಚೆಟ್ಟಿಯವರ ಮೇಲಿನ ದೂರುಗಳು

ಆರ್.ಕೆ. ಷಣ್ಮುಖಂ ಚೆಟ್ಟಿ 1935ರಿಂದ 41ರವರೆಗೆ ಕೊಚ್ಚಿಯ ದಿವಾನರು, ಆಮೇಲೆ ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿ. ಅವರ ಮೇಲಿನ ದೂರುಗಳನ್ನು ಒಂದೊಂದಾಗಿ ನೋಡೋಣ, ತೀರ್ಪು ಓದುಗರದು.

ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕಟ್ಟಿದ್ದು, ದಿವಾನರು ಬರೀ ಉತ್ಸವಮೂರ್ತಿ ಎನ್ನುತ್ತಾರೆ. ಕಟ್ಟಿದ್ದು ಬ್ರಿಸ್ಟೋ ಅಲ್ಲವೆಂದವರು ಯಾರು? ಅಳಿವೆಯ ಮರಳುದಿಬ್ಬ ಕಡಿಸಿ, ಹಿನ್ನೀರಿನ ತಳದಿಂದ ಎತ್ತಿದ ಹೂಳನ್ನೇ ಸುರಿದು ದ್ವೀಪ ಮಾಡಿದವರು ಅವರೇ. 1928ರ ಮೇ 26ರಂದು ಕಡಿದ ಆ ದಾರಿಯಲ್ಲಿ ‘ಪದ್ಮಾ’ ಹಡಗು ಒಳಬಂದಾಗ ಚೆಟ್ಟಿಯವರಿನ್ನೂ ದಿವಾನರಾಗಿರಲಿಲ್ಲ. ಆದರೆ ಆ ಬಂದರಿನಲ್ಲಿ ಮದ್ರಾಸ್, ಕೊಚ್ಚಿ, ತಿರುವಾಂಕೂರು ಮೂರು ಸರ್ಕಾರಗಳ ಹಿತವಿತ್ತು. ಅವುಗಳ ಹಕ್ಕು, ಪಾಲಿನ ತಕರಾರನ್ನು ಡ್ರೆಜರ್ ಬಗೆಹರಿಸುವುದಿಲ್ಲ. ಕೊಚ್ಚಿ ಮೇಜರ್ ಪೋರ್ಟ್ ಆದದ್ದು 1936ರಲ್ಲಿ, ಇವರ ಕಾಲದಲ್ಲೇ. ಕನ್ನಂಬಾಡಿ ಅಣೆಕಟ್ಟೆಯಲ್ಲಿ ಎಂಜಿನಿಯರೂ ದಿವಾನರೂ ಒಬ್ಬರೇ ಆಗಿದ್ದರಿಂದ ನಮಗೆ ಈ ಭೇದ ಚಟ್ಟನೆ ಹೊಳೆಯುವುದಿಲ್ಲ.

ಮುಂದಿನ ದೂರು, ಅವರು ನಿರಂಕುಶರು. ಈಗಷ್ಟೇ ಉತ್ಸವಮೂರ್ತಿಯಾಗಿದ್ದವರು ಇಲ್ಲಿ ಸರ್ವಾಧಿಕಾರಿ! ಎತ್ತು ಏರಿಗೆಳೆದರೆ ಕೋಣ ನೀರಿಗೆ. 1938ರಲ್ಲಿ ಕೊಚ್ಚಿಯಲ್ಲಿ ದ್ವಿಮುಖ ಆಡಳಿತ, ಅಂದರೆ ಮಂತ್ರಿಗೂ ದಿವಾನರಿಗೂ ಖಾತೆ ಹಂಚುವ ಪದ್ಧತಿ, ಬಂತು. ಶಾಸನಸಭೆಯಿಂದಲೇ ಅಂಬಾಟ್ಟ್ ಶಿವರಾಮ ಮೆನನ್ ಮಂತ್ರಿಯಾದರು. ಮುಖ್ಯ ಖಾತೆಗಳು ದಿವಾನರಲ್ಲೇ ಉಳಿದವು, ಒಪ್ಪಿದೆ. ಅದೇ ವರ್ಷ ತಿರುವನಂತಪುರದಲ್ಲಿ ತಿರುವಾಂಕೂರಿನ ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ಏನು ಮಾಡುತ್ತಿದ್ದರು? ಸ್ಟೇಟ್ ಕಾಂಗ್ರೆಸ್ಸಿಗರನ್ನು ಜೈಲಿಗೆ ಅಟ್ಟುತ್ತಿದ್ದರು. ನಿರಂಕುಶತೆಯನ್ನು ಅಳೆಯುವವರು ಪಕ್ಕದ ಮನೆಯನ್ನೂ ಒಮ್ಮೆ ನೋಡಲಿ.

ಕಾಂಗ್ರೆಸ್ಸಿನ ಎದುರಾಳಿ ಜಸ್ಟಿಸ್ ಪಾರ್ಟಿಯವರಿಗೆ ನೆಹರೂ ಸಂಪುಟದಲ್ಲೇನು ಕೆಲಸ ಎಂಬ ಪ್ರಶ್ನೆಗೆ ಹೆಚ್ಚು ಶಾಯಿ ಬೇಡ. ಅದೇ ಸಂಪುಟದಲ್ಲಿದ್ದ ಅಂಬೇಡ್ಕರ್, ಶ್ಯಾಮಪ್ರಸಾದ್ ಮುಖರ್ಜಿ ಯಾವ ಕಾಂಗ್ರೆಸ್ಸಿನವರು?

ಉಳಿದದ್ದು 1948ರ ರಾಜೀನಾಮೆ. ಆದಾಯ ತೆರಿಗೆ ತನಿಖೆಯ ಪಟ್ಟಿಯಿಂದ ಕೆಲವು ಹೆಸರು ಕೈಬಿಟ್ಟದ್ದು ದೊಡ್ಡ ರಂಪವಾಯಿತು, ಆಗಸ್ಟಿನಲ್ಲಿ ಚೆಟ್ಟಿ ಹೊರನಡೆದರು. ‘ತಪ್ಪಿಲ್ಲದಿದ್ದರೆ ಏಕೆ ಬಿಟ್ಟರು?’ ಎನ್ನುವವರೇ ಕುರ್ಚಿಗೆ ಅಂಟಿಕೊಂಡ ಮಂತ್ರಿಗಳನ್ನು ‘ನಾಚಿಕೆಗೆಟ್ಟವರು’ ಎನ್ನುತ್ತಾರೆ. ಬಿಟ್ಟರೆ ಕಳ್ಳ, ಬಿಡದಿದ್ದರೆ ಭಂಡ. ಇವರ ನ್ಯಾಯಾಲಯದಲ್ಲಿ ಖುಲಾಸೆಯಾಗಲು ಮಂತ್ರಿಗೆ ದಾರಿಯೇ ಇಲ್ಲ. ಇಲಾಖೆಯಲ್ಲಿ ನಡೆದದ್ದಕ್ಕೆ ಮಂತ್ರಿ ಹೊಣೆ ಎಂಬ ಮೂರನೆಯ ಅರ್ಥ ಇವರಿಗೆ ಹೊಳೆಯುವುದೇ ಇಲ್ಲ.

ಹತ್ತಿ ಗಿರಣಿಗಳ ಊರಾದ ಕೊಯಮತ್ತೂರಿನವರು, ಆದ್ದರಿಂದ ಗಿರಣಿ ಮಾಲೀಕರ ಏಜೆಂಟು ಎಂಬ ಬಾಲವನ್ನೂ ಈ ದೂರಿಗೆ ಕಟ್ಟುತ್ತಾರೆ. 1947ರ ನವೆಂಬರ್ 26ರಂದು ಅವರು ಮಂಡಿಸಿದ ಬಜೆಟ್ ತೆಗೆದು ನೋಡಲಿ: ಅದರಲ್ಲಿ ಸುಂಕದ ಹೊರೆ ಬಿದ್ದದ್ದು ರಫ್ತಾಗುವ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ.