ವಚನಕ್ಕೆ ಕತ್ತರಿ ಯಾಕೆ?

ಬಸವಣ್ಣನವರ ಏಳು 'ಬೇಡ'ಗಳ ವಚನ ಗೊತ್ತಲ್ಲ? ಬಸವ ಜಯಂತಿ ದಿನ ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಬಂದೇ ಬರುತ್ತೆ. ಎಷ್ಟೋ ಸಲ ಬರೋದು ಏಳು ಬೇಡಗಳು ಮಾತ್ರ, ಕೊನೆಯ ಸಾಲುಗಳಿಗೆ ಕತ್ತರಿ. ಉಳಿದದ್ದು ಎಚ್‌ಆರ್‌ನವರ ನಿಯಮಾವಳಿ ಥರ ಕಾಣುತ್ತೆ. ಕದೀಬಾರದು, ಸುಳ್ಳು ಹೇಳಬಾರದು, ಸರಿ. ಇಷ್ಟು ಹೇಳೋಕೆ ಬಸವಣ್ಣನವರೇ ಬೇಕಿತ್ತಾ?

ಬೇಕಿತ್ತು. ಯಾಕಂದ್ರೆ ವಿಚಾರ ಇರೋದು ಕತ್ತರಿಸಿ ಎಸೆದ ಆ ಕೊನೆಯಲ್ಲೇ. ಒಳಗಿನ ಶುದ್ಧಿ, ಹೊರಗಿನ ಶುದ್ಧಿ, ದೇವರನ್ನು ಒಲಿಸುವ ದಾರಿ, ಮೂರೂ ಇದೇ ಅಂತ ವಚನ ಅಲ್ಲಿ ತಿರುಗಿ ನಿಲ್ಲುತ್ತೆ. ಮಡಿ-ಮೈಲಿಗೆ ಲೆಕ್ಕ ಹಾಕಿ ಮನುಷ್ಯರನ್ನು ದೂರ ಇಡುತ್ತಿದ್ದ 12ನೇ ಶತಮಾನಕ್ಕೆ ಅದು ಸಣ್ಣ ಪೆಟ್ಟಲ್ಲ. ಪಟ್ಟಿ ಬರೀ ಉಪದೇಶ. ಆ ತಿರುವು ತತ್ವ.

"ವಿಷಯ ತಲುಪಿದರೆ ಸಾಕು, ಶೈಲಿ ಯಾಕೆ?" ಅನ್ನೋರು ಗ್ರೀಸಿನ ಪಾರ್ಮೆನಿಡೀಸ್‌ನನ್ನು ನೋಡಲಿ. ಅವನು ತತ್ವ ಬರೆದದ್ದು ಹೋಮರನ ಛಂದಸ್ಸಿನಲ್ಲಿ. ರಥವೇರಿ ಹೋದ ಯುವಕನಿಗೆ ದೇವಿಯೊಬ್ಬಳು ಸತ್ಯ ಹೇಳ್ತಾಳೆ. ಹೇಳಿ, ನನ್ನ ಮಾತನ್ನು ನಿನ್ನ ಬುದ್ಧಿಯಿಂದಲೇ ತೂಗಿ ನೋಡು ಅಂತಾಳೆ. ದೇವಿಯೇ ಹೀಗಂದಾಗ ಇರುವ ತೂಕ, ಕಥೆ ಕಿತ್ತು ಬರೀ ಸಾರಾಂಶ ಓದಿದರೆ ಸಿಗುತ್ತಾ?

ಹೆರಾಕ್ಲಿಟಸ್‌ನ ಪುಸ್ತಕವಂತೂ ಕಳೆದೇ ಹೋಯಿತು. ಬೇರೆಯವರು ಉದ್ಧರಿಸಿದ ಸುಮಾರು 130 ತುಣುಕು ಉಳಿದಿವೆ. ಅವುಗಳ ಹಿಂದೆಮುಂದೆ ಏನಿತ್ತು ಅಂತ ವಿದ್ವಾಂಸರು ಇವತ್ತಿಗೂ ಒದ್ದಾಡ್ತಿದ್ದಾರೆ.

ನಮಗೆ ಆ ಗತಿ ಬಂದಿಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಆಮೇಲೆ ಸರ್ಕಾರವೇ 15 ಸಂಪುಟ ತಂದಿತು. ನಮ್ಮ ಹೊಳಲ್ಕೆರೆ ಸೀಮೆಯಲ್ಲೇ ನೋಡಿ: ಅತ್ತ ಸಿರಿಗೆರೆ ಮಠ ವಚನಗಳನ್ನು ಕಂಪ್ಯೂಟರಿಗೆ ತಂದಿದೆ, ಇತ್ತ ಸಾಣೇಹಳ್ಳಿಯ ಶಿವಸಂಚಾರ ಶರಣರನ್ನು ರಂಗದ ಮೇಲೆ ತಂದು ಊರೂರು ಸುತ್ತುತ್ತೆ. ಕಾಲ ನುಂಗದೆ ಬಿಟ್ಟದ್ದನ್ನು ನಾವೇ ಕೂತು ಚೂರು ಮಾಡ್ತಿದ್ದೀವಿ.

ಕತ್ತರಿಗೆ ಮೊದಲು ಬಲಿಯಾಗೋದು ಅಂಕಿತ. ಅದೇನು ಕೆಳಗೆ ಹಾಕಿದ ಸಹಿಯಲ್ಲ. ಮಾತು ಯಾರ ಮುಂದೆ ಆಡಿದ್ದು ಅನ್ನೋದು ಅದರಲ್ಲಿದೆ. ಕೂಡಲಸಂಗಮದೇವನ ಮುಂದೆ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡವರ ಮಾತು, ಅಂಕಿತ ಹೋದ ಕೂಡಲೇ ಪಕ್ಕದ ಸೀಟಿನವನಿಗೆ ಹೇಳೋ ಬುದ್ಧಿಮಾತಾಗುತ್ತೆ.

ಟೈಮಿಲ್ಲ, ಇಷ್ಟಾದರೂ ತಲುಪಲಿ ಅಂತೀರಾ? ಆ ಇಡೀ ವಚನ ಓದೋಕೆ ಅರ್ಧ ನಿಮಿಷ ಸಾಕು. ಪೂರ್ತಿ ಕಳಿಸಿ. ಇಲ್ಲಾಂದ್ರೆ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಕಳಿಸಿ ಸುಮ್ಮನಿರಿ.