ನೂರು ಯಾವುದೆಂಬ ಪ್ರಶ್ನೆ

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಶೇಕಡಾವಾರು ಮತ್ತು ಭಿನ್ನರಾಶಿಯ ಲೆಕ್ಕಗಳನ್ನು ಕಂಡೊಡನೆ ಕೈಚೆಲ್ಲುವ ಅಭ್ಯರ್ಥಿಗಳು ಅನೇಕರಿದ್ದಾರೆ. ಇದನ್ನು ಗಣಿತದ ದೌರ್ಬಲ್ಯವೆಂದು ಬಗೆಯುವುದು ರೂಢಿ. ನನ್ನ ದೃಷ್ಟಿಯಲ್ಲಿ ಇದು ಬಹುಮಟ್ಟಿಗೆ ಓದಿನ, ಅರ್ಥಾತ್ ಭಾಷೆಯ ಸಮಸ್ಯೆ.

ಕೇಂದ್ರ ಲೋಕಸೇವಾ ಆಯೋಗವು 2011ರಲ್ಲಿ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಗೆ ಸೇರಿಸಿದ ‘ಸಿ-ಸ್ಯಾಟ್’ ಪತ್ರಿಕೆಯನ್ನೇ ಗಮನಿಸಿ. ಅದರ ಗಣಿತ ಹತ್ತನೇ ತರಗತಿಯ ಮಟ್ಟದ್ದೆಂದು ಪಠ್ಯಕ್ರಮವೇ ಹೇಳುತ್ತದೆ. 2014ರ ಪ್ರತಿಭಟನೆಗಳ ಬಳಿಕ, 2015ರಿಂದ ಇದರಲ್ಲಿ ಶೇ 33ರಷ್ಟು, ಅಂದರೆ 200ಕ್ಕೆ 66 ಅಂಕ ಗಳಿಸಿದರೆ ಸಾಕೆಂದಾಯಿತು. ಕೇಳಲು ಸುಲಭ. ಆದರೆ 80 ಪ್ರಶ್ನೆಗಳಿಗೆ ತಲಾ ಎರಡೂವರೆ ಅಂಕ. ತಪ್ಪು ಉತ್ತರಕ್ಕೆ ಅದರ ಮೂರನೇ ಒಂದು ಭಾಗ ಕಡಿತ. 27 ಉತ್ತರ ಸರಿಯಾದವನಿಗೆ 67.5 ಅಂಕ, ಜೊತೆಗೆ ಎರಡು ತಪ್ಪಾದರೆ 65.83. ಸಾಮಾನ್ಯ ಅಧ್ಯಯನದಲ್ಲಿ ಎಷ್ಟೇ ಅಂಕ ಬರುವಂತಿದ್ದರೂ ಆತ ಅನರ್ಹ.

ಇಂತಹ ಪರೀಕ್ಷೆಗಳ ಒಂದು ಮಾದರಿ ಲೆಕ್ಕ: ರಾಮನ ಸಂಬಳ ಸೋಮನ ಸಂಬಳಕ್ಕಿಂತ ಶೇ 25ರಷ್ಟು ಹೆಚ್ಚು, ಸೋಮನ ಸಂಬಳ ರಾಮನ ಸಂಬಳಕ್ಕಿಂತ ಶೇಕಡಾ ಎಷ್ಟು ಕಡಿಮೆ? ಅವಸರದ ಉತ್ತರ 25, ಸರಿಯುತ್ತರ 20. ಕೀಲಿ ಇರುವುದು ‘ಗಿಂತ’ ಎಂಬ ಪ್ರತ್ಯಯದಲ್ಲಿ. ಅದು ಯಾವ ಪದಕ್ಕೆ ಅಂಟಿದೆಯೋ ಅದೇ ನೂರು. ಮೊದಲ ವಾಕ್ಯದಲ್ಲಿ ಸೋಮನ ಸಂಬಳ 100, ರಾಮನದು 125. ಎರಡನೆಯದರಲ್ಲಿ ಹೋಲಿಕೆಯ ಆಧಾರ ರಾಮನ 125. ಅದರಲ್ಲಿ 25 ಎಂದರೆ ಐದನೇ ಒಂದು ಭಾಗ.

ಭಿನ್ನರಾಶಿಯಲ್ಲೂ ಹೀಗೆಯೇ. ಸಂಬಳದ ಮೂರನೇ ಒಂದು ಭಾಗ ಬಾಡಿಗೆಗೆ, ಉಳಿದುದರ ಕಾಲು ಭಾಗ ದಿನಸಿಗೆ ಹೋದರೆ ಮಿಕ್ಕಿದ್ದೆಷ್ಟು? ಸಂಬಳವನ್ನು 12 ಎಂದಿಟ್ಟುಕೊಳ್ಳಿ. ಬಾಡಿಗೆ 4, ಉಳಿದದ್ದು 8, ಅದರ ಕಾಲು 2. ಮಿಕ್ಕಿದ್ದು 6, ಅಂದರೆ ಅರ್ಧ. ‘ಉಳಿದುದರ’ ಎಂಬ ಪದವನ್ನು ಗಮನಿಸದವನು 12ರ ಕಾಲನ್ನೇ ಕಳೆದು 5ಕ್ಕೆ ಬಂದು ನಿಲ್ಲುತ್ತಾನೆ. ಆತನ ಕೂಡು-ಕಳೆ ತಪ್ಪಿಲ್ಲ, ಓದು ತಪ್ಪಿದೆ. ತರಬೇತಿ ಕೇಂದ್ರಗಳ ಸಿದ್ಧಸೂತ್ರಗಳು ವೇಳೆ ಉಳಿಸಬಲ್ಲವು. ವಾಕ್ಯದ ರಚನೆ ಕೊಂಚ ತಿರುಗಿದರೆ ಅವು ಕೈಕೊಡುತ್ತವೆ.

ಲೆಕ್ಕವು ಒಂದು ಪ್ರತ್ಯಯದ ಮೇಲೆ ನಿಂತಿರುವಾಗ, ಅದು ಯಾವ ಭಾಷೆಯಲ್ಲಿದೆ ಎಂಬುದು ಗೌಣವಾಗಲಾರದು. ಈ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಇರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು ನಿಜ, ಆದರೆ ಅಲ್ಲಿಗೆ ತಲುಪಬೇಕಲ್ಲ! ಕನ್ನಡ ಮಾಧ್ಯಮದಲ್ಲಿ ಓದಿದವನು ಗಡಿಯಾರ ನೋಡುತ್ತಲೇ ಅನುವಾದವನ್ನೂ ಮಾಡಬೇಕು. ಹಿಂದಿ ಭಾಷಿಕನಿಗೆ ಈ ಹೊರೆ ಇಲ್ಲ. ಸಮಾನ ಅವಕಾಶವೆಂದರೆ ಇದಲ್ಲ.

ಪ್ರಶ್ನೆಪತ್ರಿಕೆಯನ್ನು ಹಲವು ಭಾಷೆಗಳಲ್ಲಿ ರೂಪಿಸುವುದು ಅಸಾಧ್ಯವೆಂಬ ವಾದ ಇಂದು ನಿಲ್ಲುವುದಿಲ್ಲ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರ 2019ರಲ್ಲಿ, ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೆ ಅದೇ ನಿರ್ಧಾರ 2021ರಲ್ಲಿ ಹೊರಬಿತ್ತು. ಗುಮಾಸ್ತನಿಗೆ ಸಲ್ಲುವ ನ್ಯಾಯ ಜಿಲ್ಲಾಧಿಕಾರಿಯಾಗ ಹೊರಟವನಿಗೆ ಏಕೆ ಸಲ್ಲದು? ಕನ್ನಡಕ್ಕೆ ಗಣಿತದ ನುಡಿ ಹೊಸತೂ ಅಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ್ದ.

ಆಗಬೇಕಾದ ಕೆಲಸ ಎರಡು. ನಮ್ಮ ಶಾಲೆಗಳು ಸೂತ್ರಕ್ಕಿಂತ ಮೊದಲು ‘ಇಲ್ಲಿ ನೂರು ಯಾವುದು’ ಎಂದು ಕೇಳುವುದನ್ನು ಕಲಿಸಬೇಕು. ಆಯೋಗವು ಆ ಪ್ರಶ್ನೆಗೆ ಉತ್ತರ ಹುಡುಕುವ ಅವಕಾಶವನ್ನು ಅಭ್ಯರ್ಥಿಗೆ ಆತನ ಭಾಷೆಯಲ್ಲೇ ಕೊಡಬೇಕು.